ಮೊದಲು ಚೀಟಿ, ಆಮೇಲೆ ಕುಂಚ

ಕೇಳುಗರೆಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೂತು ಚಿತ್ರ ಬರೆದು, ಆರ್ಡರ್ ತೆಗೆದುಕೊಂಡು ಮಾರುವವರ ಜೊತೆ ಇವತ್ತು ನನ್ನ ಮಾತು. ಮಕ್ಕಳು ಶಾಲೆಯಿಂದ ಬರುವುದರೊಳಗೆ ಎರಡು ಗಂಟೆ ಬಿಡುವು ಮಾಡಿಕೊಂಡು ಬೋರ್ಡ್ ಮುಂದೆ ಕೂರುವ ತಾಯಂದಿರು, ಮೈಸೂರಿನ ಕಲಾ ಕಾಲೇಜು ಕಾವಾದಲ್ಲಿ ಓದು ಮುಗಿಸಿ ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ ಹೊರಟಿರುವ ಹುಡುಗ ಹುಡುಗಿಯರು, ನೀವೇ ನನ್ನ ಕಣ್ಮುಂದೆ ಇದ್ದೀರಿ.

ಚಿತ್ರ ಹೇಗೆ ಬರೆಯಬೇಕು ಅಂತ ನಾನು ಹೇಳುವುದಿಲ್ಲ. ಅದು ನಿಮಗೆ ಗೊತ್ತು. ನಾನು ಹೇಳುವುದು ಒಂದೇ ಮಾತು. ಆರ್ಡರಿನ ವಿವರದ ಚೀಟಿ ಬರೆದು, ಅರ್ಧ ದುಡ್ಡು ಕೈಗೆ ಬರುವವರೆಗೆ ಕುಂಚ ಮುಟ್ಟಬೇಡಿ.

ಇದನ್ನು ಹೇಳಿದ ಕೂಡಲೇ ಕೆಲವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. "ಸಾರ್, ನಾವು ಕಲಾವಿದರು, ವ್ಯಾಪಾರದವರ ಥರ ಮೊದಲೇ ದುಡ್ಡು ಕೇಳೋದು ಹೇಗೆ?" ಅಂತಾರೆ. ಆರ್ಡರ್ ಕೆಲಸ ಅಂದರೆ ಏನೋ ಕಡಿಮೆ ಅನ್ನುವ ಭಾವನೆ. ಮೈಸೂರಿನ ಜಗನ್ಮೋಹನ ಅರಮನೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ರಾಜಾ ರವಿವರ್ಮ ಬರೆದ ಪುರಾಣದ ಚಿತ್ರಗಳಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯವರು ಹೇಳಿ ಬರೆಸಿದ ಚಿತ್ರಗಳು ಅವು. ರವಿವರ್ಮ ತೀರಿಕೊಂಡಿದ್ದು 1906ರಲ್ಲಿ, ಅಂದರೆ ಕೊನೆಯ ವರ್ಷಗಳವರೆಗೂ ಆರ್ಡರ್ ಮೇಲೆ ಬರೆದರು. ಅಂಥವರಿಗೆ ಇಲ್ಲದ ಸಂಕೋಚ ನಮಗೇಕೆ?

ಈಗ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ. ನನ್ನ ಹತ್ತಿರ ಮೈಸೂರು ಶೈಲಿ ಕಲಿತವಳು. ಕೈ ಬಹಳ ಶುದ್ಧ. ರೇಖೆ ಎಳೆದರೆ ಕೂದಲೆಳೆ ಹಾಗೆ ಬರುತ್ತೆ. ಅವಳಿಗೆ ಬೆಂಗಳೂರಿನಿಂದ ಒಂದು ಫೋನ್ ಬಂತು. ಗೃಹಪ್ರವೇಶಕ್ಕೆ ಗಜಲಕ್ಷ್ಮಿ ಬೇಕು, ದೊಡ್ಡದಾಗಿ. "ನಿಮಗೆ ಹೇಗೆ ಚೆನ್ನಾಗಿ ಕಾಣುತ್ತೋ ಹಾಗೆ ಮಾಡಿ ಮೇಡಂ, ದುಡ್ಡಿನ ಬಗ್ಗೆ ಯೋಚನೆ ಬೇಡ" ಅಂದರಂತೆ. ಈ ಮಾತು ಕೇಳಿದಾಗ ಎಷ್ಟು ಖುಷಿ ಆಗುತ್ತೆ ಅಲ್ವಾ? ಅವಳಿಗೂ ಆಯಿತು. ಅಳತೆ ಇಲ್ಲ, ಬೆಲೆ ಇಲ್ಲ, ತಾರೀಖು ಮಾತ್ರ ಇದೆ. ಅವತ್ತೇ ರಾತ್ರಿ ಸ್ಕೆಚ್ ಹಾಕಿದಳು.

ಮೈಸೂರು ಶೈಲಿಯ ಕೆಲಸ ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸ್ಕೆಚ್ ಆದ ಮೇಲೆ ಗೆಸ್ಸೋ. ಸಫೇದ ಅನ್ನುವ ಬಿಳಿ ಪುಡಿ, ರೇವಲಚಿನ್ನಿ ಅನ್ನುವ ಹಳದಿ ರಾಳ, ಅಂಟು ಸೇರಿಸಿ ಅರೆದು, ಕುಂಚದ ತುದಿಯಿಂದ ಉಬ್ಬುಗೆರೆ ಎಬ್ಬಿಸುವುದು. ತಂಜಾವೂರಿನ ಚಿತ್ರದಲ್ಲಿ ಈ ಉಬ್ಬು ದಪ್ಪ, ನಮ್ಮದರಲ್ಲಿ ತೆಳು. ದೇವಿಯ ಸರದ ಒಂದೊಂದು ಮುತ್ತಿಗೂ ಒಂದೊಂದು ಚುಕ್ಕಿ ಇಡಬೇಕು. ಸೀರೆಯ ಅಂಚು, ಕಿರೀಟ, ಸಿಂಹಾಸನ, ಕಂಬ, ಎಲ್ಲಕ್ಕೂ ಇದೇ ಕೆಲಸ. ಅದು ಒಣಗಿದ ಮೇಲೆ ಚಿನ್ನದ ರೇಕು, ಅಂದರೆ ಚಿನ್ನದ ತೆಳು ಹಾಳೆ. ಫ್ಯಾನ್ ಹಾಕುವ ಹಾಗಿಲ್ಲ, ಜೋರಾಗಿ ಉಸಿರು ಬಿಡುವ ಹಾಗಿಲ್ಲ. ಅಷ್ಟು ಹಗುರ ಅದು. ಒಮ್ಮೆ ಚಿನ್ನ ಕೂತಿತು ಅಂದರೆ ಮುಗಿಯಿತು, ಅಲ್ಲಿಂದ ಹಿಂದಕ್ಕೆ ಬರುವ ಹಾಗಿಲ್ಲ. ಕೆರೆದು ತೆಗೆದರೆ ಕೆಳಗಿನ ಕಾಗದವೇ ಎದ್ದು ಬರುತ್ತೆ.

ಈ ಹುಡುಗಿ ಅಷ್ಟೂ ಮಾಡಿದಳು. ರೇಕಿಗೆ ಸ್ವಂತ ದುಡ್ಡು ಹಾಕಿದಳು. ನಿಜವಾದ ಚಿನ್ನದ್ದೇ ತಂದಳು. ಚಿನ್ನ ಕೂರಿಸಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದಳು. ಆಗ ಶುರುವಾಯಿತು ನೋಡಿ. ಅತ್ತೆಯವರಿಗೆ ದೇವಿ ನಿಂತಿರಬೇಕಿತ್ತಂತೆ, ಇವಳು ಕೂತಿರುವಂತೆ ಬರೆದಿದ್ದಾಳೆ. ಒಂದು ಪಕ್ಕ ಗಣಪತಿ, ಇನ್ನೊಂದು ಪಕ್ಕ ಸರಸ್ವತಿ ಬರಬೇಕಿತ್ತಂತೆ. ವಾಸ್ತು ನೋಡುವವರು ಅಡ್ಡಕ್ಕೆ ಉದ್ದವಾದ ಚಿತ್ರ ಬೇಕು ಅಂದರಂತೆ. ಇವಳದು ನೇರಕ್ಕೆ ಉದ್ದ. "ಸ್ವಲ್ಪ ಚೇಂಜ್ ಮಾಡಿಕೊಡಿ ಮೇಡಂ" ಅಂತ ಮೆಸೇಜ್. ಸ್ವಲ್ಪವಂತೆ! ಕೂತ ದೇವಿಯನ್ನು ಎಬ್ಬಿಸಿ ನಿಲ್ಲಿಸುವುದು ಸ್ವಲ್ಪವೇ?

ಇವಳು ಆಗುವುದಿಲ್ಲ ಅಂದಳು. ಅವರು ಬೇಜಾರು ಮಾಡಿಕೊಂಡರು. ಗೃಹಪ್ರವೇಶದ ದಿನ ಗೋಡೆ ಮೇಲೆ ಅಂಗಡಿಯಿಂದ ತಂದ ಪ್ರಿಂಟ್ ಇತ್ತು. ಆ ಗಜಲಕ್ಷ್ಮಿ ಇವತ್ತಿಗೂ ಅವಳ ಮನೆಯಲ್ಲೇ ಇದ್ದಾಳೆ.

ತಪ್ಪು ಯಾರದು ಅಂತ ಕೇಳಬೇಡಿ. ಆ ಮನೆಯವರು ಕೆಟ್ಟವರಲ್ಲ. ಅವರ ಮನಸ್ಸಿನಲ್ಲಿ ಒಂದು ಚಿತ್ರ ಇತ್ತು, ಇವಳ ಮನಸ್ಸಿನಲ್ಲಿ ಇನ್ನೊಂದು. ಎರಡನ್ನೂ ಒಂದು ಕಾಗದದ ಮೇಲೆ ತಂದು ನೋಡಲಿಲ್ಲ, ಅಷ್ಟೇ. ಬ್ಲೌಸ್ ಹೊಲಿಯುವ ಟೈಲರ್ ಕೂಡ ಅಳತೆ ಬರೆದುಕೊಂಡು, ಬಟ್ಟೆಯ ಚೂರು ಪಿನ್ ಮಾಡಿ ಚೀಟಿ ಕೊಡುತ್ತಾನೆ. ನಾವು ಸಾವಿರಾರು ರೂಪಾಯಿಯ ಕೆಲಸಕ್ಕೆ ಬರೀ ಬಾಯಿಮಾತು ನಂಬುತ್ತೇವೆ.

ಅದೇ ಹುಡುಗಿ ಈಗ ಏನು ಮಾಡುತ್ತಾಳೆ ಗೊತ್ತಾ? ನೋಟ್‌ಬುಕ್ಕಿನ ಅರ್ಧ ಹಾಳೆ. ಮೇಲೆ ತಾರೀಖು. ಯಾವ ದೇವರು, ಕೂತಿದ್ದೋ ನಿಂತಿದ್ದೋ, ಪಕ್ಕದಲ್ಲಿ ಯಾರಿದ್ದಾರೆ. ಸೀರೆ ಯಾವ ಬಣ್ಣ. ಅಳತೆ ಇಂಚಿನಲ್ಲಿ, ಅಡ್ಡವೋ ನೇರವೋ. ರೇಕು ನಿಜವಾದ ಚಿನ್ನದ್ದೋ ಇಮಿಟೇಷನ್ನೋ. ಫ್ರೇಮ್ ಸೇರಿಯೋ ಬಿಟ್ಟೋ. ಕೊರಿಯರ್ ಖರ್ಚು ಯಾರದು. ಒಟ್ಟು ಬೆಲೆ, ಮುಂಗಡ ಅರ್ಧ. ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು: ಬದಲಾವಣೆ ಪೆನ್ಸಿಲ್ ಸ್ಕೆಚ್ ಇರುವಾಗ ಮಾತ್ರ, ಗೆಸ್ಸೋ ಶುರುವಾದ ಮೇಲೆ ಇಲ್ಲ. ಈ ಹಾಳೆಯ ಫೋಟೋ ಗಿರಾಕಿಗೆ ಹೋಗುತ್ತೆ. ಅವರು "ಸರಿ" ಅಂತ ಬರೆದು ಮುಂಗಡ ಹಾಕಬೇಕು. ಆಮೇಲೆ ಸ್ಕೆಚ್. ಸ್ಕೆಚ್‌ಗೂ "ಸರಿ" ಬಂದ ಮೇಲೆ ಗೆಸ್ಸೋ.

ಮೊದಲ ಸಲ ಇದನ್ನು ಕಳಿಸುವಾಗ ಅವಳ ಕೈ ನಡುಗುತ್ತಿತ್ತಂತೆ, ಗಿರಾಕಿ ಕೈ ಬಿಟ್ಟು ಹೋಗುತ್ತೆ ಅಂತ. ಮಂಗಳೂರಿನವರೊಬ್ಬರ ಆರ್ಡರ್ ಅದು. ಸಂಜೆಯೊಳಗೆ ಅರ್ಧ ದುಡ್ಡು ಬಂತು. ಜೊತೆಗೆ ಒಂದು ಮಾತು: "ಇಷ್ಟು ವಿವರವಾಗಿ ಕೇಳಿದ್ದಕ್ಕೆ ನಮಗೂ ಧೈರ್ಯ ಬಂತು." ನಿಜವಾಗಿ ಬೇಕಾದವರು ದುಡ್ಡು ಕೊಡುತ್ತಾರೆ. ಸುಮ್ನೆ ವಿಚಾರಿಸುವವರು ಅಲ್ಲೇ ನಿಲ್ಲುತ್ತಾರೆ. ನಿಲ್ಲಲಿ ಬಿಡಿ! ಅದರಿಂದ ನಿಮ್ಮ ಚಿನ್ನ ಉಳಿಯುತ್ತೆ.

ಸಮಯ ಆಗುತ್ತಾ ಬಂತು ಅಂತ ಸ್ಟುಡಿಯೋ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಚೀಟಿಯಲ್ಲಿ ಇನ್ನೊಂದು ಸಾಲು ಬೇಕೇ ಬೇಕು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ನಿಮ್ಮಿಂದ ಚಿತ್ರ ಬರೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದರ ಕಾಪಿರೈಟ್ ಬರೆಸಿದವರದು. ಹೌದು, ನಿಮ್ಮದಲ್ಲ. ಅವರು ಅದನ್ನು ಕ್ಯಾಲೆಂಡರ್ ಮಾಡಬಹುದು, ಆಮಂತ್ರಣ ಪತ್ರಿಕೆ ಮೇಲೆ ಹಾಕಬಹುದು. ಬೇಡ ಅಂದರೆ "ಕಾಪಿರೈಟ್ ಕಲಾವಿದರದು, ಮನೆಯಲ್ಲಿ ಹಾಕಿಕೊಳ್ಳಲು ಮಾತ್ರ" ಅಂತ ಮೊದಲೇ ಬರೆಯಿರಿ, ಇಬ್ಬರೂ ಸಹಿ ಹಾಕಿ. ಚಿತ್ರ ಬರೆದವರು ನೀವು ಅಂತ ಹೇಳಿಕೊಳ್ಳುವ ಹಕ್ಕು ಮಾತ್ರ ಕಾಪಿರೈಟ್ ಯಾರ ಹತ್ತಿರ ಇದ್ದರೂ ನಿಮ್ಮದೇ. ಆದ್ದರಿಂದ ಮೂಲೆಯಲ್ಲಿ ಹೆಸರು ಬರೆಯಲು ನಾಚಿಕೆ ಪಡಬೇಡಿ.

ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗುವವರು ಆ ಚೀಟಿಯ ಹತ್ತಾರು ಜೆರಾಕ್ಸ್ ಚೀಲದಲ್ಲಿ ಇಟ್ಟುಕೊಳ್ಳಿ. ಕುಮಾರಕೃಪಾ ರಸ್ತೆಯ ಆ ಜನಜಂಗುಳಿಯಲ್ಲಿ "ಇದೇ ಥರ ನಮಗೊಂದು ಬೇಕು" ಅಂತ ಕೇಳಿ ಹೋದವರು ಮತ್ತೆ ಸಿಗುವುದು ಕಷ್ಟ. ನಿಂತ ಕಾಲ ಮೇಲೆ ಬರೆಸಿಕೊಳ್ಳಿ, ಮುಂಗಡವನ್ನು ಅಲ್ಲೇ ಯುಪಿಐ ಮಾಡಿಸಿಕೊಳ್ಳಿ.

ಇನ್ನು ಬೆಲೆ. ಸಾಮಾನಿನ ಖರ್ಚು ಬೇರೆ, ನೀವು ಕೂತ ಗಂಟೆಗಳ ಕೂಲಿ ಬೇರೆ. ಎರಡನ್ನೂ ಕೂಡಿಸಿ. ನೆಂಟರಿಗೂ ಅದೇ ಚೀಟಿ, ಅದೇ ಮುಂಗಡ. ದೂರದ ಊರಿಗೆ ಕಳಿಸುವಾಗ ಗಾಜಿನ ಬದಲು ಅಕ್ರಿಲಿಕ್ ಶೀಟ್ ಹಾಕಿಸಿ. ಗಾಜು ಒಡೆದರೆ ಅದರ ಚೂರು ಚಿತ್ರವನ್ನು ಗೀರುತ್ತೆ. ಉಳಿದ ಅರ್ಧ ದುಡ್ಡು ಬಂದ ಮೇಲೆ ಕೊರಿಯರ್‌ಗೆ ಕೊಡಿ, ಅದಕ್ಕೆ ಮೊದಲು ಬೇಡ. ನಮಸ್ಕಾರ.