ಪಾಲು, ಹಾಲು, ಆಲು

ಕೇಳುಗರಿಗೆ ನಮಸ್ಕಾರ. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೂಗುವುದು 'ಆಸ್ನ ಆಸ್ನ ಆಸ್ನ' ಅಂತ. ಬೋರ್ಡಿನ ಮೇಲೆ ಮಾತ್ರ ಹಾಸನ. ಹಾಗಂತ ಇವತ್ತಿನವರೆಗೆ ಯಾರೂ ತಪ್ಪು ಬಸ್ ಹತ್ತಿದ್ದು ನಾನು ಕಂಡಿಲ್ಲ.

ಮೂರನೇ ಕ್ಲಾಸಿನಲ್ಲಿ 'ಆಲು ಬೆಳ್ಳಗಿದೆ' ಎಂದು ಓದಿ ನಾನು ಬೆಂಚಿನ ಮೇಲೆ ನಿಂತವನು. ಪುಸ್ತಕದಲ್ಲಿ ಹ ಕಣ್ಣಿಗೆ ಕಾಣುತ್ತಿತ್ತು, ನಾಲಿಗೆಗೆ ಬೇಕಿರಲಿಲ್ಲ ಅಷ್ಟೇ. ಆ ಮೇಷ್ಟ್ರಿಗೆ ಇವತ್ತು ಒಂದು ಮಾತು ಹೇಳಬೇಕು ಅನ್ನಿಸುತ್ತೆ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಗೊತ್ತಲ್ವಾ? ಅಲ್ಲಿ ಸಿಕ್ಕಿದ, ಸುಮಾರು 450ರದು ಎನ್ನುವ ಶಾಸನದಲ್ಲಿ ಆ ಊರಿನ ಹೆಸರು ಹಲ್ಮಿಡಿ ಅಂತ ಇಲ್ಲವೇ ಇಲ್ಲ, ಪಲ್ಮಡಿ ಅಂತ ಇದೆ! ಆಗ ಹಾಲು ಪಾಲು, ಹುಲಿ ಪುಲಿ, ಹೂ ಪೂ. ತಮಿಳಿನವರು ಈಗಲೂ ಪಾಲ್ ಅಂತಲೇ ಕುಡಿಯುತ್ತಾರೆ. ಹತ್ತನೇ ಶತಮಾನದ ಆಚೀಚೆಯಿಂದ ಕನ್ನಡದವರ ಬಾಯಲ್ಲಿ ಮೊದಲಕ್ಷರದ ಪ ಸಡಿಲವಾಗುತ್ತಾ ಹ ಆಯಿತು. ಪೇಪರು, ಪೊಲೀಸು ತಡವಾಗಿ ಬಂದವು, ಬಚಾವಾದವು. ಅಂದರೆ ಮೇಷ್ಟ್ರು ಕಾಪಾಡುತ್ತಿದ್ದ ಆ ಹ ಕೂಡ ಒಂದು ಕಾಲದಲ್ಲಿ ಯಾರೋ ಸೋಮಾರಿ ನಾಲಿಗೆಯವರು ಮಾಡಿದ ತಪ್ಪೇ. ಅದು ಪುಸ್ತಕಕ್ಕೆ ಹತ್ತಿತು, ನಮ್ಮದು ಬೆಂಚು ಹತ್ತಿತು.

ಈ ಹೆದರಿಕೆ ಇನ್ನೊಂದು ತಮಾಷೆ ಮಾಡುತ್ತೆ. ಸಕಲೇಶಪುರದ ಕಡೆ ತೋಟಕ್ಕೆ ಆನೆ ನುಗ್ಗಿದರೆ ಮನೆಯವರು ಪಕ್ಕದ ಮನೆಗೆ ಸರಿಯಾಗೇ 'ಆನೆ ಬಂತು' ಅಂತಾರೆ. ಟಿವಿಯವರ ಮೈಕು ಮುಂದೆ ಬಂತೋ, ಎಲ್ಲಿ ಹ ಬಿಟ್ಟುಹೋಯಿತೋ ಅಂತ ಗಾಬರಿಯಾಗಿ 'ಹಾನೆ ಬಂದಿತ್ತು ಸಾರ್' ಅನ್ನುತ್ತಾರೆ. ನಗಬೇಡಿ. ಅದು ಕನ್ನಡ ಬಾರದ್ದಕ್ಕೆ ಆದದ್ದಲ್ಲ, ಬೆಂಚು ನೆನಪಾಗಿ ಆದದ್ದು.

ಹಾಗಾದ್ರೆ ಶಿಷ್ಟ ಭಾಷೆ ಬೇಡವಾ? ಬೇಕಪ್ಪಾ. ಬೀದರಿನವರೂ ಮಂಗಳೂರಿನವರೂ ಒಂದೇ ಅರ್ಜಿ ಓದಬೇಕಲ್ಲ. ಆದರೆ ಅದೂ ಕೂತಲ್ಲಿ ಕೂತಿಲ್ಲ. ಮೊದಲು ಅಚ್ಚಿನಲ್ಲಿ 'ಬರುತ್ತೇನೆ' ಅಂತಲೇ ಇರಬೇಕಿತ್ತು, ಈಗ ಮದುವೆ ಮನೆಯ ವಾಟ್ಸಾಪ್‌ನಿಂದ ಜಾಹೀರಾತಿನ ಬೋರ್ಡಿನವರೆಗೆ 'ಬರ್ತೀನಿ' ನಡೆಯುತ್ತೆ, ಯಾರೂ ಹುಬ್ಬೇರಿಸುವುದಿಲ್ಲ. ಮೈಸೂರು-ಬೆಂಗಳೂರಿನ ಬಾಯಿಮಾತಾದ್ದರಿಂದ ಬೇಗ ಒಳಗೆ ಬಂತು ಅಂತ ನನ್ನ ಗುಮಾನಿ. ನಮ್ಮ 'ಬತ್ತೀನಿ' ಇನ್ನೂ ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತಿದೆ.

ನಾನೂ ಇಷ್ಟು ಹೊತ್ತು ಒಂದು ಹ ಬಿಡದೆ ಮಾತಾಡಿದ್ದೇನೆ, ಗಮನಿಸಿದಿರಾ? ಮೈಕು ಮುಂದಿದೆಯಲ್ಲ. ಹೊರಗೆ ಹೋದ ಕೂಡಲೇ ಅಮ್ಮನ ಫೋನು ಬರುತ್ತೆ, 'ಬರ್ತಾ ಅರ್ಧ ಲೀಟರ್ ಆಲು ತಗಂಡ್ ಬಾ' ಅಂತ. ತರುತ್ತೇನೆ. ನಮಸ್ಕಾರ.