ಬಿಸಿನೆಸ್ ಕಮ್ಯುನಿಕೇಷನ್ ಕ್ಲಾಸಲ್ಲಿ ಮಕ್ಕಳು ಮಾತಾಡಲಿ

ನಮಸ್ಕಾರ. ಇವತ್ತು ಸ್ವಲ್ಪ ಖಾರವಾಗಿಯೇ ಮಾತಾಡುತ್ತೇನೆ. ನಮ್ಮ ಮಂಗಳೂರು, ಉಡುಪಿ ಕಡೆಯ ಬಿ.ಕಾಂ., ಬಿಬಿಎ ಮಕ್ಕಳಿಗೆ ಆನ್‌ಲೈನಲ್ಲಿ ಬಿಸಿನೆಸ್ ಕಮ್ಯುನಿಕೇಷನ್ ಕಲಿಸುವ ರೀತಿ ಬದಲಾಗಲೇಬೇಕು.

ಹೆಚ್ಚಿನ ಕ್ಲಾಸುಗಳಲ್ಲಿ ನಡೆಯುವುದು ಇಷ್ಟೇ. ಲೆಕ್ಚರರ್ ಸ್ಲೈಡ್ ಓದುತ್ತಾರೆ. ಸಂವಹನ ಎಂದರೇನು, ಅದರ ವಿಧಗಳೆಷ್ಟು, ಅಡ್ಡಿಗಳೆಷ್ಟು. ಮಕ್ಕಳೆಲ್ಲ ಮ್ಯೂಟ್. ಕೊನೆಗೆ 'ಎನಿ ಡೌಟ್ಸ್?' ಯಾರೂ ಉಸಿರೆತ್ತುವುದಿಲ್ಲ. ಅಲ್ಲಿಗೆ ಕ್ಲಾಸ್ ಮುಗಿಯಿತು.

ನಾನು ಆನ್‌ಲೈನ್ ಬೇಡ ಎನ್ನುತ್ತಿಲ್ಲ. ಈ ಒಂದು ವಿಷಯಕ್ಕೆ ಆನ್‌ಲೈನೇ ಸರಿಯಾದ ಜಾಗ. ನಾಳೆ ಈ ಮಕ್ಕಳು ಕೆಲಸಕ್ಕೆ ಸೇರಿದಾಗ ಮೇಲ್, ಫೋನು, ವೀಡಿಯೊ ಮೀಟಿಂಗ್‌ಗಳಲ್ಲೇ ವ್ಯವಹಾರ ಮಾಡಬೇಕು ಅಲ್ವಾ? ಹಾಗಾದರೆ ಅದನ್ನೇ ಮಾಡಿಸೋಣ.

ನಾನು ಮಾಡಿಸುವ ಒಂದು ಅಭ್ಯಾಸ ಹೇಳುತ್ತೇನೆ. ಅದರಲ್ಲಿ ನನ್ನದು ಬೆಂಗಳೂರಿನ ವ್ಯಾಪಾರಿಯ ಪಾತ್ರ. ವಿದ್ಯಾರ್ಥಿನಿ ಮಂಗಳೂರಿನ ಗೇರುಬೀಜ ಫ್ಯಾಕ್ಟರಿಯವಳು. 'ಶುಕ್ರವಾರ ಬರಬೇಕಿದ್ದ ಲೋಡ್ ಎಲ್ಲಮ್ಮಾ?' ಎಂದು ಗದರುತ್ತೇನೆ. ಬೆಳ್ತಂಗಡಿ ಕಡೆಯ ಒಬ್ಬಳು 'ಸಾರಿ ಸರ್, ವೆರಿ ಸಾರಿ ಸರ್' ಎನ್ನುತ್ತಲೇ ಇದ್ದಳು. ಲೋಡ್ ಯಾವಾಗ ಬರುತ್ತದೆ ಎಂದು ಮಾತ್ರ ಹೇಳಲಿಲ್ಲ. 'ಮೊದಲು ತುಳುವಿನಲ್ಲೇ ಹೇಳಮ್ಮಾ' ಎಂದೆ. ತಡವರಿಸದೆ ಹೇಳಿದಳು. ಶಿರಾಡಿ ಘಾಟಿಯಲ್ಲಿ ರಸ್ತೆ ಬಂದ್ ಆಗಿದೆ, ಲಾರಿ ನಿಂತಿದೆ, ಸೋಮವಾರ ಬೆಳಿಗ್ಗೆ ಮಾಲು ತಲುಪುತ್ತದೆ, ಸಂಜೆ ಮತ್ತೆ ಫೋನ್ ಮಾಡುತ್ತೇನೆ. ಕಾರಣ, ದಿನ, ಮುಂದಿನ ಹೆಜ್ಜೆ, ಎಲ್ಲ ಬಂತು! ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿದೆ. ವ್ಯಾಕರಣ ಅಲ್ಲಲ್ಲಿ ತಪ್ಪಿತು. ಆದರೆ ವ್ಯಾಪಾರಿಗೆ ಬೇಕಾದ ಉತ್ತರ ಸಿಕ್ಕಿತು.

ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಗ್ಲಿಷ್ ಬಾರದವರಿಗೆ ವ್ಯವಹಾರದ ಮಾತೇ ಬಾರದು ಎಂದು ತಿಳಿಯುವುದು ತಪ್ಪು. ಸಿಂಡಿಕೇಟ್ ಬ್ಯಾಂಕ್ ಹುಟ್ಟಿದ್ದು 1925ರಲ್ಲಿ, ಇದೇ ಉಡುಪಿಯಲ್ಲಿ. 1928ರಲ್ಲಿ ಅದು ಪಿಗ್ಮಿ ಶುರು ಮಾಡಿತು. ದಿನಕ್ಕೆ ಎರಡಾಣೆಯಿಂದ ಉಳಿತಾಯ, ಏಜೆಂಟರೇ ಮನೆ ಬಾಗಿಲಿಗೆ. ಆ ಏಜೆಂಟರು ಒಂದು ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ ಮಾತಾಡಿ ಜನರ ನಂಬಿಕೆ ಗಳಿಸಿದರು. ಆ ಜಾಣ್ಮೆ ನಮ್ಮ ಮಕ್ಕಳಲ್ಲೂ ಇದೆ. ಅದನ್ನು ಬದಿಗಿಟ್ಟು ಪಾಠ ಶುರು ಮಾಡುವುದು ಯಾಕೆ?

ಮೇಲ್ ವಿಚಾರ. ಸಬ್ಜೆಕ್ಟ್ ಖಾಲಿ, ಒಳಗೆ ಒಂದು ಸಾಲೂ ಇಲ್ಲ, 'ಡಾಕ್ಯುಮೆಂಟ್ 1' ಎಂಬ ಫೈಲ್ ಮಾತ್ರ. ಇಂಥ ಅಸೈನ್‌ಮೆಂಟ್ ಬಂದರೆ ನಾನು ವಾಪಸ್ ಕಳಿಸುತ್ತೇನೆ, ಏನು ಬರೆಯಬೇಕಿತ್ತು ಎಂದು ತಿಳಿಸಿಯೇ. ಸುಮ್ನೆ ಮಾರ್ಕ್ಸ್ ಕಡಿದರೆ ಮಕ್ಕಳು ಏನೂ ಕಲಿಯುವುದಿಲ್ಲ.

ಇನ್ನು ಕ್ಯಾಮೆರಾ. ಅದನ್ನು ಆನ್ ಮಾಡಿಲ್ಲ ಎಂದು ದಯವಿಟ್ಟು ಮಕ್ಕಳನ್ನು ಬೈಯಬೇಡಿ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಅಪ್ಪ ಒಬ್ಬರು ರಸ್ತೆ ಬದಿಯಲ್ಲಿ ಕೂತು ಕ್ಲಾಸ್ ಕೇಳುತ್ತಿದ್ದ ಮಗಳಿಗೆ ಕೊಡೆ ಹಿಡಿದು ನಿಂತ ಫೋಟೋ ನೀವೂ ನೋಡಿರಬಹುದು. ಘಟ್ಟದ ಬುಡದ ಹಲವು ಕಡೆ ನೆಟ್‌ವರ್ಕ್ ಇವತ್ತಿಗೂ ಕಷ್ಟವೇ. ವೀಡಿಯೊ ಆಗದಿದ್ದರೆ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ. ಎರಡು ನಿಮಿಷದಲ್ಲಿ ಗಿರಾಕಿಗೆ ವಿಷಯ ತಿಳಿಸುವುದೂ ಒಂದು ಪರೀಕ್ಷೆಯೇ.

ಇದೆಲ್ಲ ಕೊರೊನಾ ಕಾಲಕ್ಕೆ ಮುಗಿಯಿತು ಅಂದುಕೊಳ್ಳಬೇಡಿ. ಒಂದು ಸೆಮಿಸ್ಟರ್‌ನ ಶೇಕಡಾ 40ರವರೆಗಿನ ಕೋರ್ಸ್‌ಗಳನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ 'ಸ್ವಯಂ' ವೇದಿಕೆಯಲ್ಲಿ ಕಲಿಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2021ರಲ್ಲೇ ಅವಕಾಶ ಕೊಟ್ಟಿದೆ. ಹಾಗಾಗಿ ಕಾಲೇಜಿನವರಲ್ಲಿ ನನ್ನದೊಂದು ಬೇಡಿಕೆ. ಇಡೀ ತರಗತಿಯನ್ನು ಒಂದೇ ಲಿಂಕಿಗೆ ತುಂಬಬೇಡಿ, ಈ ಪೇಪರಿಗೆ ಸಣ್ಣ ಬ್ಯಾಚ್ ಮಾಡಿ. ಇಂಟರ್ನಲ್ ಮಾರ್ಕ್ಸನ್ನು ವ್ಯಾಖ್ಯೆ ಬಾಯಿಪಾಠಕ್ಕೆ ಕೊಡುವ ಬದಲು ಮಕ್ಕಳು ಬರೆದ ಮೇಲ್‌ಗೆ, ಮಾಡಿದ ಫೋನ್ ಕಾಲ್‌ಗೆ ಕೊಡಿ. ಬರುವ ಸೆಮಿಸ್ಟರ್‌ನಿಂದಲೇ ಶುರು ಮಾಡಬಹುದು.