ಹಳೇ ಸ್ಟೀಲ್ ಫ್ರೇಮಿಗೆ ಡಿಸ್ಕ್ ಬ್ರೇಕ್ ಮೌಂಟ್: ಪ್ಲೇಟ್ ವಾಲೋದು ಯಾಕೆ?

ಈ ವಿಡಿಯೋದಲ್ಲಿ ಹಳೇ ಸ್ಟೀಲ್ ಸೈಕಲ್ ಫ್ರೇಮಿಗೆ ಒಂದು ಪ್ಲೇಟ್ ವೆಲ್ಡ್ ಮಾಡ್ತಿದೀವಿ, ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದ್ರೆ ಚಕ್ರದ ಜೊತೆ ತಿರುಗೋ ಬಿಲ್ಲೆಯನ್ನ (ರೋಟರ್) ಪ್ಯಾಡಿನಿಂದ ಹಿಡಿಯೋ ಭಾಗ, ಕೂರೋದು ಅದರ ಮೇಲೆ. ಹಾಂ, ಬಣ್ಣ ಕೆರೆಯೋದು ಕಾಣ್ತಾನೇ ಇದೆ, ಅದಕ್ಕೆ ಮಾತು ಬೇಡ. ಡ್ರಾಪ್‌ಔಟ್ (ಆಕ್ಸಲ್ ಕೂರೋ ಫ್ರೇಮಿನ ತುದಿ) ಮೇಲೆ ಕ್ರೋಮ್ ಇದ್ರೆ ಅದನ್ನೂ ಪೂರ್ತಿ ಉಜ್ಜಿ ತೆಗೀರಿ. ಕಾದಾಗ ಅದರಿಂದ ಬರೋ ಹೊಗೆ ವಿಷ.

ಇದು ಹಿಂದಿನ ಚಕ್ರಕ್ಕೆ ಮಾತ್ರ. ಮುಂದೆ ಡಿಸ್ಕ್ ಬೇಕು ಅಂದ್ರೆ ಡಿಸ್ಕ್ ಫೋರ್ಕನ್ನೇ ಹಾಕಿ. ಲೆಕ್ಕ ನೋಡಿ: ಟೈರ್ ನೆಲ ಹಿಡಿಯೋದು ಆಕ್ಸಲ್‌ನಿಂದ ಸುಮಾರು 340 ಎಂಎಂ ದೂರದಲ್ಲಿ, 160 ಎಂಎಂ ರೋಟರನ್ನ ಪ್ಯಾಡ್ ಹಿಡಿಯೋದು ಬರೀ 72 ಎಂಎಂ ದೂರದಲ್ಲಿ. ಅಂದ್ರೆ ನೆಲದ ಹತ್ರ ಇರೋ ಬಲದ ಹೆಚ್ಚುಕಮ್ಮಿ ಐದು ಪಟ್ಟು ಈ ಪ್ಲೇಟ್ ಮೇಲೆ ಬೀಳುತ್ತೆ. ರಿಮ್ ಬ್ರೇಕಿನ ಫೋರ್ಕಿನ ತೆಳು ತುದಿ ಅದನ್ನ ತಡೆಯೋಕಲ್ಲ ಮಾಡಿರೋದು. ಹಿಂದಿನ ಚಕ್ರದಲ್ಲಿ ಆ ಬಲ ಕ್ಯಾಲಿಪರನ್ನ ಮೇಲಕ್ಕೆ ದಬ್ಬಿ ಸೀಟ್‌ಸ್ಟೇ, ಅಂದ್ರೆ ಡ್ರಾಪ್‌ಔಟಿಂದ ಸೀಟಿನ ಕಡೆ ಹೋಗೋ ಕೊಳವೆ, ಬಗ್ಗಿಸುತ್ತೆ. ಅದಕ್ಕೇ ಸೀಟ್‌ಸ್ಟೇ, ಚೈನ್‌ಸ್ಟೇ (ಡ್ರಾಪ್‌ಔಟಿಂದ ಪೆಡಲ್ ಕಡೆ ಹೋಗೋ ಕೊಳವೆ) ನಡುವೆ 10 ಎಂಎಂ ಕೊಳವೆಯ ಆಸರೆ.

ಪ್ಲೇಟು 6 ಎಂಎಂ ಮೈಲ್ಡ್ ಸ್ಟೀಲ್. ತೂತಿನ ನಡುವಿನಿಂದ ನಡುವಿಗೆ 51 ಎಂಎಂ, ಇದು ಐಎಸ್ (ಇಂಟರ್‌ನ್ಯಾಷನಲ್ ಸ್ಟ್ಯಾಂಡರ್ಡ್) ಅನ್ನೋ ಡಿಸ್ಕ್ ಮೌಂಟ್ ಅಳತೆ. ತೂತಿಗೆ ಥ್ರೆಡ್ ಬೇಡ, ಎಂ6 (6 ಎಂಎಂ) ಬೋಲ್ಟ್ ದಾಟಿದ್ರೆ ಸಾಕು. ಅದರ ಮೇಲೆ ಅಡಾಪ್ಟರ್ ಹಾಕಿ ಪೋಸ್ಟ್ ಮೌಂಟ್ (ರೋಟರಿಗೆ ಸಮಾನಾಂತರವಾಗಿ ಬೋಲ್ಟ್ ಬೀಳೋ) ಕ್ಯಾಲಿಪರ್ ಕೂರಿಸಿ, ಪಕ್ಕಕ್ಕೆ ಸರಿಸೋಕೆ ಜಾಗ ಸಿಗುತ್ತೆ. ಪ್ಲೇಟಿನ ಆಕಾರ ಮಾತ್ರ ಚಕ್ರ, ರೋಟರ್, ಕ್ಯಾಲಿಪರ್ ಎಲ್ಲ ಜೋಡಿಸಿ ಹಿಡ್ಕೊಂಡು ರಟ್ಟಿನಲ್ಲಿ ತೆಗೀರಿ.

ಅಂದಹಾಗೆ ಹಬ್, ಅಂದ್ರೆ ಚಕ್ರದ ನಡುಭಾಗದ ಅಗಲ. ಹಳೇ ರೋಡ್ ಫ್ರೇಮು 126 ಅಥವಾ 130 ಎಂಎಂ, ಹಳೇ ಕ್ವಿಕ್ ರಿಲೀಸ್ (ಸನ್ನೆ ತಿರುಗಿಸಿ ಬಿಚ್ಚೋ) ಡಿಸ್ಕ್ ಹಬ್ ಸಾಮಾನ್ಯವಾಗಿ 135 ಎಂಎಂ. ಸ್ಟೀಲ್ ಆದ್ರೆ ಎರಡೂ ಕಡೆ ಸಮವಾಗಿ ಅಗಲಿಸಬಹುದು, ಅಲ್ಯುಮಿನಿಯಂ ಬಿರುಕು ಬಿಡುತ್ತೆ. ಇದು ವೆಲ್ಡಿಂಗಿಗೆ ಮೊದಲೇ ಆಗ್ಬೇಕು, ಆಮೇಲೆ ಡ್ರಾಪ್‌ಔಟ್ ಎರಡೂ ಸಮಾನಾಂತರ ಇರ್ಬೇಕು... ಸರಿ, ಶಾಟ್ ಮುಗೀತು, ಪ್ಲೇಟಿಗೆ ಬರೋಣ.

ಹತ್ತಿರದಿಂದ ನೋಡಿ. ಇದು ವಾಲಿದೆ! ಮೇಲಿನ ತೂತಿನ ಹತ್ರ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) 0.8 ಎಂಎಂ ಹೋಗ್ತಿದೆ, ಕೆಳಗೆ ಏನೂ ಹೋಗಲ್ಲ. ಒಂದೇ ಬದಿಗೆ ಉದ್ದಕ್ಕೆ ವೆಲ್ಡ್ ಎಳೆದದ್ದಕ್ಕೆ ಹೀಗೆ. ಕರಗಿದ ಲೋಹ ಆರುವಾಗ ಕುಗ್ಗಿ ಪ್ಲೇಟನ್ನ ತನ್ನ ಕಡೆ ಎಳ್ಕೊಳ್ಳುತ್ತೆ. ಪ್ಯಾಡು ರೋಟರ್ ನಡುವೆ ಇರೋದೇ ಕೂದಲೆಳೆ ಜಾಗ. ಹೀಗೇ ಬಿಟ್ರೆ ಪ್ರತಿ ಸುತ್ತಿಗೂ ಉಜ್ಜುತ್ತೆ. ವಾಷರ್ ತುಂಬಬೇಡಿ. ಅಡ್ಡ ಓರೆ ಹಾಗೇ ಉಳಿಯುತ್ತೆ, ಬೋಲ್ಟ್ ತಲೆ ಒಂದೇ ಅಂಚಿನ ಮೇಲೆ ಕೂರುತ್ತೆ. ಮುಖಕ್ಕೆ ಮಾರ್ಕರ್ ಬಳಿದು, ಚಪ್ಪಟೆ ಅರದಿಂದ ಎತ್ತರ ಇರೋ ಕಡೆ ಉಜ್ಜಿ, ಮತ್ತೆ ಗೇಜ್ ಹಾಕಿ. 6 ಎಂಎಂ ತಗೊಂಡದ್ದೇ ಇದಕ್ಕೆ, 5 ಉಳಿದ್ರೂ ಗಟ್ಟಿ.

ವಾಲದೇ ಇರಬೇಕಾದ್ರೆ ಡ್ರಾಪ್‌ಔಟ್ ನಡುವೆ ಆಕ್ಸಲ್ ಬಿಗಿದಿರಲಿ. ಮೊದಲು ನಾಲ್ಕು ಟ್ಯಾಕ್ (ಚುಕ್ಕಿಯಷ್ಟು ವೆಲ್ಡ್), ಆಮೇಲೆ ಹತ್ತತ್ತು ಎಂಎಂ, ಒಮ್ಮೆ ಆ ಬದಿ ಒಮ್ಮೆ ಈ ಬದಿ, ಮುಟ್ಟೋಷ್ಟು ಆರೋ ತನಕ ಕಾಯಿರಿ.

ವೆಲ್ಡ್ ಇಲ್ಲದೇ ಫ್ರೇಮಿಗೆ ಬೋಲ್ಟ್ ಹಾಕೋ ಅಡಾಪ್ಟರ್ ದಂಡ ಅಂತ ಮೊದಲು ಹೇಳೋಣ ಅನ್ಕೊಂಡಿದ್ದೆ. ಬೇಡ, ಹಿಂದಕ್ಕೆ ತಗೊಳ್ತೀನಿ. ಗೋಡೆ 1 ಎಂಎಂಗಿಂತ ತೆಳುವಾದ ಕೊಳವೆಗೆ ವೆಲ್ಡ್ ಸುಲಭವಾಗಿ ತೂತು ಮಾಡಿಬಿಡುತ್ತೆ. ಅಲ್ಲಿ ಹಿತ್ತಾಳೆ ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಬೆಸೆಯೋದು), ಅದೂ ಕೈಗೆ ಬರದಿದ್ರೆ ಆ ಅಡಾಪ್ಟರೇ ವಾಸಿ.

ಕ್ಯಾಲಿಪರ್ ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದೇ ಬಿಗೀರಿ, 6ರಿಂದ 8 ನ್ಯೂಟನ್ ಮೀಟರ್. ಬಣ್ಣ ಈಗ್ಲೇ ಬೇಡ. ತೆಳು ಪ್ರೈಮರ್ ಹಾಕಿ ನಿಧಾನ ವೇಗದಲ್ಲಿ ಹತ್ತಾರು ಸಲ ಜೋರಾಗಿ ಬ್ರೇಕ್ ಹಿಡಿದು, ವೆಲ್ಡ್ ಅಂಚಿನಲ್ಲಿ ಪ್ರೈಮರ್ ಬಿರುಕು ಬಿಟ್ಟಿದ್ಯಾ ಅಂತ ಟಾರ್ಚ್ ಹಾಕಿ ನೋಡಿ.